ತೂಕ, ಓಟ, ಹಿಡಿತ: ಗ್ರಾಮೀಣ ಮತ್ತು ನಗರ ಯುವಜನರ ದೈಹಿಕ ಸಾಮರ್ಥ್ಯದ ಹೋಲಿಕೆಯಲ್ಲಿ ಮಾಪನದ ಪ್ರಶ್ನೆ

ಹಳ್ಳಿಯ ಹುಡುಗರು ಗಟ್ಟಿಮುಟ್ಟು, ಪೇಟೆಯವರು ಮೆತ್ತಗೆ ಎಂಬುದು ವಾಡಿಕೆಯ ಮಾತು. ದೈಹಿಕ ಶಿಕ್ಷಣದ ಅಧ್ಯಯನಗಳು ಇದನ್ನೇ ಊಹೆಯಾಗಿಟ್ಟುಕೊಂಡು ಹೊರಟರೆ ಬಹುಮಟ್ಟಿಗೆ ಅದೇ ಉತ್ತರ ಸಿಗುತ್ತದೆ. ಆ ಉತ್ತರದಲ್ಲಿ ದೇಹದ ಪಾಲೆಷ್ಟು, ನಾವು ಆರಿಸಿಕೊಂಡ ಪರೀಕ್ಷೆಯ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ತೂಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15–49 ವಯಸ್ಸಿನ ಮಹಿಳೆಯರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 18.5ಕ್ಕಿಂತ ಕಡಿಮೆ ಇರುವವರು ನಗರದಲ್ಲಿ ಶೇ. 13.2, ಹಳ್ಳಿಯಲ್ಲಿ ಶೇ. 21.2. ಬಿಎಂಐ 25 ಅಥವಾ ಅದಕ್ಕೂ ಹೆಚ್ಚು ಇರುವವರು ನಗರದಲ್ಲಿ ಶೇ. 33.2, ಹಳ್ಳಿಯಲ್ಲಿ ಶೇ. 19.7. ಹಳ್ಳಿಯ ಅಂಕಿಗಳನ್ನಷ್ಟೇ ಪಕ್ಕಪಕ್ಕ ಇಟ್ಟರೆ ಸೊರಗಿದವರೂ ಮೈ ಬಂದವರೂ ಹೆಚ್ಚುಕಡಿಮೆ ಸಮಸಮ. ‘ಗ್ರಾಮೀಣ ದೇಹ’ ಎಂಬ ಒಂದೇ ಮಾದರಿ ಇಲ್ಲವೇ ಇಲ್ಲ. ಕರ್ನಾಟಕದಲ್ಲಿ ಅಧಿಕ ತೂಕದ ಮಹಿಳೆಯರ ಪ್ರಮಾಣ ಹಿಂದಿನ ಸಮೀಕ್ಷೆಯ ಶೇ. 23.3ರಿಂದ ಶೇ. 30.1ಕ್ಕೆ ಏರಿದೆ. 1985ರಿಂದ 2017ರವರೆಗೆ ಜಗತ್ತಿನ ವಯಸ್ಕರ ಸರಾಸರಿ ಬಿಎಂಐ ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗ್ರಾಮೀಣ ಪ್ರದೇಶಗಳದ್ದೇ ಎಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ತೋರಿಸಿತು.

ಬಿಎಂಐ ಕೂಡ ಕೊಬ್ಬು ಯಾವುದು, ಸ್ನಾಯು ಯಾವುದು ಎಂದು ಹೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಮ್ಮ ದೇಹಗಳನ್ನೇ ಮುಂದಿಟ್ಟರು. ಇಬ್ಬರ ಬಿಎಂಐಯೂ 22.3. ಕೊಬ್ಬಿನಂಶ ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಯಾಜ್ಞಿಕ್ ತಂಡ ನಡೆಸಿದ ಅಧ್ಯಯನದಲ್ಲಿ ಕಡಿಮೆ ತೂಕದ ನವಜಾತ ಶಿಶುಗಳಲ್ಲೂ ಸ್ನಾಯು ಕಡಿಮೆಯಾಗಿ, ಕೊಬ್ಬು ಉಳಿದುಕೊಂಡಿತ್ತು. ತೆಳ್ಳಗಿರುವುದನ್ನೇ ಆರೋಗ್ಯವೆಂದು ಬರೆದುಕೊಳ್ಳುವ ಸಂಶೋಧಕರು ಇದನ್ನು ಮರೆಯುವಂತಿಲ್ಲ.

ಇನ್ನು ಪರೀಕ್ಷೆಗಳು. ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಇಪ್ಪತ್ತು ಮೀಟರ್ ಶಟಲ್ ಓಟದಲ್ಲಿ ಓಡುವವರು ತಮ್ಮ ತೂಕವನ್ನು ತಾವೇ ಹೊರಬೇಕು. ಹಗುರ ದೇಹಕ್ಕೆ ಅದು ಅನುಕೂಲ. ಡೈನಮೋಮೀಟರ್ ಹಿಡಿದು ಮುಷ್ಟಿ ಬಿಗಿಯುವಾಗ ದೊಡ್ಡ ಮೈಕಟ್ಟಿಗೆ ಅನುಕೂಲ. 45 ಕಿಲೋ ತೂಕದ ಒಬ್ಬನ ಹಿಡಿತ 30 ಕಿಲೋ, 70 ಕಿಲೋ ತೂಕದ ಇನ್ನೊಬ್ಬನದು 38 ಕಿಲೋ ಎಂದಿಟ್ಟುಕೊಳ್ಳೋಣ. ನೇರ ಅಂಕಿಯಲ್ಲಿ ಎರಡನೆಯವನು ಮುಂದೆ. ತೂಕದಿಂದ ಭಾಗಿಸಿದರೆ ಮೊದಲನೆಯವನದು 0.67, ಎರಡನೆಯವನದು 0.54. ಕೈಗಳು ಅವೇ, ಗೆದ್ದವನು ಮಾತ್ರ ಬೇರೆ. ಯಾವ ಅಂಕಿಯನ್ನು ಕೋಷ್ಟಕಕ್ಕೆ ಹಾಕುತ್ತೇವೆ, ಯಾಕೆ ಹಾಕುತ್ತೇವೆ ಎಂಬುದನ್ನು ದತ್ತಾಂಶ ಸಂಗ್ರಹಕ್ಕೆ ಮೊದಲೇ ಬರೆದಿಡಬೇಕು.

ಹಾರ್ವರ್ಡ್ ಮೆಟ್ಟಿಲು ಪರೀಕ್ಷೆಯಲ್ಲಿ ತೊಡಕು ಇನ್ನೂ ಸ್ಪಷ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಇದರಲ್ಲಿ 20 ಅಂಗುಲ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 30 ಸಲದಂತೆ ಐದು ನಿಮಿಷ ಹತ್ತಿಳಿಯಬೇಕು. ಆಮೇಲೆ ನಾಡಿ ಎಣಿಸುತ್ತಾರೆ. ಐದಡಿಗೂ ಗಿಡ್ಡ ಹುಡುಗನಿಗೆ ಆ ಮೆಟ್ಟಿಲು ಮೊಣಕಾಲಿಗಿಂತ ಮೇಲಿರುತ್ತದೆ. ಬಾಲ್ಯದ ಅಪೌಷ್ಟಿಕತೆಯಿಂದ ಕುಳ್ಳಾದವನ ತೊಡೆ ಪ್ರತಿ ಹೆಜ್ಜೆಗೂ ಹೆಚ್ಚು ಶ್ರಮಪಟ್ಟು ನಾಡಿ ಏರಿದರೆ, ನಾವು ಅದನ್ನು ಹೃದಯದ ದೌರ್ಬಲ್ಯವೆಂದು ಬರೆದುಕೊಳ್ಳುತ್ತೇವೆ. ಮೆಟ್ಟಿಲ ಎತ್ತರವನ್ನು ಕಾಲಿನ ಉದ್ದಕ್ಕೆ ಹೊಂದಿಸದೆ ನಡೆಸಿದ ಗ್ರಾಮ–ನಗರ ಹೋಲಿಕೆಯನ್ನು ನಾನು ಒಪ್ಪಲಾರೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಅಳತೆ ಕಡ್ಡಾಯವಾಗಬೇಕು: ಹಿಮೋಗ್ಲೋಬಿನ್. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತ ಆಮ್ಲಜನಕವನ್ನು ಒಯ್ಯಲಾರದಿದ್ದರೆ ತೂಕ ಎಷ್ಟೇ ‘ಸರಿ’ ಇದ್ದರೂ ಓಟ ಕುಂಟುತ್ತದೆ. ಅದಕ್ಕೆ ವ್ಯಾಯಾಮದ ಕೊರತೆಯನ್ನು ದೂರಿ ಆಟದ ಅವಧಿ ಹೆಚ್ಚಿಸಿದರೆ ದಣಿವಷ್ಟೇ ಹೆಚ್ಚೀತು.

ದುಡಿಮೆಯ ಲೆಕ್ಕವೂ ಹಾಗೆಯೇ ತಪ್ಪಿಹೋಗುತ್ತದೆ. ‘ವಾರದಲ್ಲಿ ಎಷ್ಟು ದಿನ ವ್ಯಾಯಾಮ ಮಾಡುತ್ತೀರಿ?’ ಎಂದು ಕೇಳಿದರೆ, ಬೆಳಿಗ್ಗೆ ಬೋರ್‌ವೆಲ್‌ನಿಂದ ನೀರು ಹೊತ್ತು, ರಜಾದಿನ ಬಗ್ಗಿ ಕಳೆ ಕೀಳುವ ಹುಡುಗಿ ‘ಇಲ್ಲ’ ಎನ್ನುತ್ತಾಳೆ. ನಮ್ಮ ಹಾಳೆಯಲ್ಲಿ ಅವಳು ನಿಷ್ಕ್ರಿಯಳು. ಪ್ರಶ್ನಾವಳಿಯಲ್ಲಿ ನೀರು, ಸೌದೆ, ದನ, ಹೊಲ, ಶಾಲೆಯ ದಾರಿ ಒಂದೊಂದಕ್ಕೂ ಪ್ರತ್ಯೇಕ ಸಾಲು ಇರಬೇಕು. ಅದರ ಪಕ್ಕದಲ್ಲಿ ಆ ದಿನ ಅವಳು ಏನು ಉಂಡಳು ಎಂಬುದಕ್ಕೂ ಒಂದು ಸಾಲು ಬೇಕು.