ಅಂಗಭಂಗದ ಲೆಕ್ಕ: ಭಾರತದಲ್ಲಿ ಕಾರ್ಮಿಕ ನಷ್ಟಪರಿಹಾರ ಶಾಸನದ ಚರಿತ್ರೆ

1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಸಭೆ ಸೇರಿ, ಸುಮಾರು 5,500 ಮಂದಿಯ ಸಹಿಯುಳ್ಳ ಮನವಿಯೊಂದನ್ನು ಕಾರ್ಖಾನೆ ಆಯೋಗಕ್ಕೆ ಸಲ್ಲಿಸಿದರು. ವಾರಕ್ಕೊಂದು ರಜೆ, ಮಧ್ಯಾಹ್ನದ ಅರ್ಧ ಗಂಟೆಯ ಬಿಡುವು, ಸಕಾಲಕ್ಕೆ ಸಂಬಳ ಮುಂತಾದ ಬೇಡಿಕೆಗಳ ಸಾಲಿನಲ್ಲಿ ಇನ್ನೊಂದೂ ಇತ್ತು: ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಕೂಲಿ ದೊರೆಯಬೇಕು, ಜನ್ಮಕ್ಕೆ ಊನಗೊಂಡವನ ಜೀವನಕ್ಕೆ ತಕ್ಕ ಏರ್ಪಾಡಾಗಬೇಕು. ಇದು ದಯೆಯ ಯಾಚನೆಯಾಗಿರದೆ ಹಕ್ಕಿನ ಮಂಡನೆಯಾಗಿತ್ತೆಂಬುದು ಗಮನಾರ್ಹ. ಈ ಹಕ್ಕು ಶಾಸನದ ರೂಪ ತಳೆಯಲು ಸುಮಾರು ನಾಲ್ಕು ದಶಕಗಳೇ ಬೇಕಾದವು.

ಅಲ್ಲಿಯವರೆಗೆ ಗಾಯಾಳುವಿಗಿದ್ದ ದಾರಿ ಅತಿ ಕಿರಿದು. 1855ರ ಮಾರಣಾಂತಿಕ ಅಪಘಾತಗಳ ಕಾಯಿದೆಯನ್ವಯ ಸತ್ತವನ ಕುಟುಂಬ ದಾವೆ ಹೂಡಬಹುದಿತ್ತು. ಆದರೆ ಎದುರಾಳಿಯ ತಪ್ಪನ್ನು ಅದು ರುಜುವಾತುಪಡಿಸಬೇಕಿತ್ತು. ಇಂಗ್ಲೆಂಡಿನಲ್ಲಿ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. 1837ರಲ್ಲಿ ಕಟುಕನೊಬ್ಬನ ಸೇವಕ ಅತಿಭಾರದ ಗಾಡಿ ಮುರಿದು ಗಾಯಗೊಂಡ ಮೊಕದ್ದಮೆಯಿಂದ ಹುಟ್ಟಿದ ತತ್ತ್ವದ ಪ್ರಕಾರ, ಸಹಕಾರ್ಮಿಕನ ತಪ್ಪಿಗೆ ಮಾಲೀಕ ಹೊಣೆಯಲ್ಲ. ಸಾವಿರಾರು ಮಂದಿ ಒಟ್ಟಿಗೆ ದುಡಿಯುವ ಕಾರ್ಖಾನೆಯಲ್ಲಿ ಸಹಕಾರ್ಮಿಕನ ಕೈವಾಡವಿಲ್ಲದ ಅಪಘಾತ ಯಾವುದಿದ್ದೀತು? 1897ರ ಶಾಸನವು ತಪ್ಪಿನ ಪ್ರಶ್ನೆಯನ್ನೇ ಬದಿಗಿಟ್ಟು ಪರಿಹಾರವನ್ನು ಉದ್ಯಮದ ವೆಚ್ಚವೆಂದು ಪರಿಗಣಿಸಿತು. ಭಾರತದ ಶಾಸನ ಅನುಸರಿಸಿದ್ದು ಈ ಮಾದರಿಯನ್ನೇ.

1923ರಲ್ಲಿ ಅಂಗೀಕೃತವಾಗಿ 1924ರ ಜುಲೈ 1ರಂದು ಜಾರಿಗೆ ಬಂದ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮದ ತಿರುಳು ಒಂದೇ ವಾಕ್ಯದಲ್ಲಿತ್ತು. ಅಪಘಾತವು ಉದ್ಯೋಗದಿಂದ ಮತ್ತು ಉದ್ಯೋಗದ ಅವಧಿಯಲ್ಲಿ ಉಂಟಾಗಿದ್ದರೆ ಸಾಕು, ಮಾಲೀಕನ ತಪ್ಪನ್ನು ಯಾರೂ ತೋರಿಸಬೇಕಾಗಿಲ್ಲ. ಆದರೆ ಈ ಔದಾರ್ಯಕ್ಕೆ ಮಿತಿಯೂ ಇತ್ತು. ವಯಸ್ಕನ ಸಾವಿಗೆ ಮೂವತ್ತು ತಿಂಗಳ ಕೂಲಿ ಅಥವಾ 2,500 ರೂಪಾಯಿ, ಶಾಶ್ವತ ಪೂರ್ಣ ಅಶಕ್ತತೆಗೆ ನಲವತ್ತೆರಡು ತಿಂಗಳ ಕೂಲಿ ಅಥವಾ 3,500 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಭಾಗಶಃ ಅಶಕ್ತತೆಗಾಗಿ ಅನುಸೂಚಿಯೊಂದು ದೇಹವನ್ನು ಶೇಕಡಾವಾರು ಹಂಚಿಟ್ಟಿತು: ಮೊಣಕೈಯಲ್ಲಿ ಅಥವಾ ಅದರ ಮೇಲೆ ಬಲಗೈ ಹೋದರೆ 70, ಎಡಗೈ ಹೋದರೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10. ಎಡಚನ ಗತಿಯೇನೆಂದು ಪಟ್ಟಿ ಕೇಳಲಿಲ್ಲ. 1962ರ ತಿದ್ದುಪಡಿಯಲ್ಲಿ ಪಟ್ಟಿ ಹೊಸದಾಗಿ ರಚಿತವಾದಾಗ ಎಡಬಲಗಳ ಈ ಭೇದ ಅಳಿಯಿತು.

ಕನ್ನಡ ನಾಡಿನ ಮಟ್ಟಿಗೆ ಈ ಶಾಸನದ ಭೂಗೋಳ ವಿಶೇಷ ಗಮನಕ್ಕೆ ಅರ್ಹವಾದುದು. ಅದು ಬ್ರಿಟಿಷ್ ಇಂಡಿಯಾದ ಕಾನೂನು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಬೆರಳು ಕಳೆದುಕೊಂಡವನು ಅದರ ಆಶ್ರಯಕ್ಕೆ ಬರುತ್ತಿದ್ದನು. ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಯಲ್ಲಾಗಲಿ, ನಿಜಾಮರ ಆಡಳಿತದ ಹಟ್ಟಿಯಲ್ಲಾಗಲಿ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಆಯಾ ಸಂಸ್ಥಾನದ ಶಾಸನವೇ ಗತಿ. ಒಂದೇ ಭಾಷೆಯಾಡುವ ದುಡಿಮೆಗಾರರ ಗಾಯಕ್ಕೆ ಗಡಿಯ ಆಚೆ ಈಚೆ ಬೇರೆ ಬೇರೆ ಕಾನೂನು ಇದ್ದ ಈ ಕಾಲವನ್ನು ಏಕೀಕರಣದ ಚರಿತ್ರೆಕಾರರು ಅಷ್ಟಾಗಿ ಲಕ್ಷಿಸಿಲ್ಲ.

ಶಾಸನದ ಕೆಲವು ಅಂಶಗಳು ದೂರದೃಷ್ಟಿಯವು. ಸಾವಿನ ಪರಿಹಾರವನ್ನು ಮಾಲೀಕ ನೇರವಾಗಿ ಕುಟುಂಬದ ಕೈಗೆ ಕೊಡದೆ ಆಯುಕ್ತರಲ್ಲಿ ಠೇವಣಿ ಇಡಬೇಕಿತ್ತು. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಸಿಂಧು. ಗುತ್ತಿಗೆದಾರನ ಆಳಿಗೂ ಮೂಲ ಮಾಲೀಕನೇ ಹೊಣೆ. ಮದ್ಯಪಾನ ಅಥವಾ ಉದ್ದೇಶಪೂರ್ವಕ ಅವಿಧೇಯತೆಯ ನೆಪವು ಸಾವಿನ ಪ್ರಕರಣಗಳಲ್ಲಿ ಸಲ್ಲದೆಂದು 1933ರ ತಿದ್ದುಪಡಿ ಸ್ಪಷ್ಟಪಡಿಸಿತು. ಆದರೆ ಮಾಲೀಕನ ವ್ಯಾಪಾರಕ್ಕೆ ಸಂಬಂಧಿಸದ ಸಾಂದರ್ಭಿಕ ಕೂಲಿಯವನು 2000ದ ತಿದ್ದುಪಡಿಯವರೆಗೂ ಹೊರಗೇ ಉಳಿದನು.

ಅನುಸೂಚಿಯ ಯಾಂತ್ರಿಕತೆಯನ್ನು ಮುರಿದುದು ಒಬ್ಬ ಬಡಗಿಯ ಪ್ರಕರಣ. ಒಡಿಶಾದ ಜೇಪುರದ ಸಿನೆಮಾ ಮಂದಿರವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ 1968ರಲ್ಲಿ ಬಿದ್ದು ಗಾಯಗೊಂಡ ಆತನ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಇದು ಭಾಗಶಃ ಅಶಕ್ತತೆಯೆಂಬುದು ಮಾಲೀಕನ ವಾದ. ಒಂದೇ ಕೈಯಿಂದ ಬಡಗಿತನ ನಡೆಯದಾದ್ದರಿಂದ ಅದು ಪೂರ್ಣ ಅಶಕ್ತತೆಯೇ ಎಂಬ ಆಯುಕ್ತರ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯ 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಪರಿಹಾರ ಸಲ್ಲಬೇಕಾದುದು ಅಪಘಾತದ ದಿನದಿಂದಲೇ ಎಂದೂ ಅದು ಸಾರಿತು. ಕಳೆದುಹೋದದ್ದು ಅಂಗವೋ, ಆ ಅಂಗ ದುಡಿಯುತ್ತಿದ್ದ ಅನ್ನವೋ ಎಂಬ ಪ್ರಶ್ನೆಗೆ ನ್ಯಾಯಾಲಯವಿತ್ತ ಉತ್ತರ ಎರಡನೆಯದು. ಒಡೆಯನ ಪಟ್ಟಿಗಿಂತ ಆಳಿನ ಕಸುಬು ದೊಡ್ಡದೆಂದು ಈ ತೀರ್ಪು ಗುರುತಿಸಿತೆನ್ನಬಹುದು.

ಇದರ ನಡುವೆ 1948ರ ನೌಕರರ ರಾಜ್ಯ ವಿಮಾ ಅಧಿನಿಯಮವು ಒಂದೇ ಗಂಟಿನ ಹಣದ ಬದಲು ಕಾಲಕಾಲಕ್ಕೆ ಪಾವತಿಯ ಪದ್ಧತಿ ತಂದಿತು. ಯೋಜನೆ 1952ರ ಫೆಬ್ರವರಿಯಲ್ಲಿ ಕಾನಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ವಿಮೆಗೆ ಒಳಪಟ್ಟವನು ಮತ್ತೆ 1923ರ ಕಾಯಿದೆಯಡಿ ಕೇಳುವಂತಿರಲಿಲ್ಲ. 1984ರಲ್ಲಿ ವಯಸ್ಸನ್ನು ಆಧರಿಸಿದ ಗುಣಕ ಬಂದಿತು. 2010ರ ಜನವರಿ 18ರಿಂದ ಶಾಸನದ ಹೆಸರಿನಲ್ಲಿ ‘ಕಾರ್ಮಿಕ’ ಹೋಗಿ ‘ಉದ್ಯೋಗಿ’ ಎಂದಾಯಿತು. ಸಾವಿಗೆ ಕನಿಷ್ಠ 1,20,000, ಪೂರ್ಣ ಅಶಕ್ತತೆಗೆ 1,40,000 ರೂಪಾಯಿ ನಿಗದಿಯಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತೆ ಸಂಹಿತೆ, 2020 ಈ ಶಾಸನವನ್ನು ತನ್ನೊಳಗೆ ಸೇರಿಸಿಕೊಂಡಿತು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದೊಡನೆ ಅದರ ಸಂಬಂಧ ಸಾಬೀತಾದರೆ, ಈಗ ಉದ್ಯೋಗದ ಅಪಘಾತವೇ.

ಅಪಘಾತಕ್ಕೆ ದಿನಾಂಕವಿರುತ್ತದೆ, ರೋಗಕ್ಕಿಲ್ಲ. 1923ರ ಮೂರನೆಯ ಅನುಸೂಚಿಯಲ್ಲಿ ಅಂಥ್ರಾಕ್ಸ್, ಸೀಸ ಮತ್ತು ರಂಜಕದ ವಿಷಬಾಧೆಗಳಷ್ಟೇ ಇದ್ದವು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕೋಲಾರದ ಗಣಿಗಾರರಲ್ಲಿ ವ್ಯಾಪಕವೆಂದು 1940ರ ದಶಕದ ವೈದ್ಯಕೀಯ ಪರೀಕ್ಷೆಗಳು ತೋರಿಸಿದುವು. ಮುಂದೆ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ದೊರೆಯಿತು. ಸೇವೆಯಲ್ಲಿರುವಾಗ ಅದು ಬಂದರೆ ಕಾನೂನು ಅದನ್ನು ಅಪಘಾತವೆಂದೇ ಭಾವಿಸಿತು. ಆದರೆ ಧೂಳು ನಿಧಾನವಾಗಿ ಕೆಲಸ ಮಾಡುತ್ತದೆ. ಗಣಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಉಸಿರು ಕಟ್ಟತೊಡಗಿದವನು, ತನ್ನ ರೋಗ ಆ ಹಳೆಯ ಕೆಲಸದಿಂದಲೇ ಬಂದಿತೆಂದು ರುಜುವಾತುಪಡಿಸಬೇಕು. 1923ರ ಶಾಸನ ಅಪಘಾತದ ಗಾಯಾಳುವಿನ ಹೆಗಲಿನಿಂದ ಇಳಿಸಿದ್ದ ರುಜುವಾತಿನ ಹೊರೆ ಇಲ್ಲಿ ರೋಗಿಯ ಹೆಗಲೇರುತ್ತದೆ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಆ ದಿನದ ಬಳಿಕ ಅಲ್ಲಿ ಧೂಳು ಎದ್ದಿಲ್ಲವಾದರೂ ಹಿಂದೆ ಒಳಹೊಕ್ಕದ್ದು ಹೊರಬಂದಿಲ್ಲ.