ಎರಡು ಜನಗಣತಿಗಳ ನಡುವೆ ಕಾಣೆಯಾದವರು

1852ರ ಜೂನ್ 20. ಇಂದಿನ ವ್ಯೋಮಿಂಗ್ ರಾಜ್ಯದ ಬಯಲಿನಲ್ಲಿ, ಓರಿಗನ್‌ಗೆ ಹೊರಟಿದ್ದ ಸ್ಕಾಟ್ ಕುಟುಂಬದ ಎತ್ತಿನ ಬಂಡಿಗಳು ನಿಂತವು. ಮನೆಯೊಡತಿ ಆ್ಯನ್ ಸ್ಕಾಟ್‌ಗೆ ಕಾಲರಾ ತಗುಲಿತ್ತು, ಅಂದೇ ತೀರಿಕೊಂಡಳು. ಹನ್ನೆರಡು ಹೆತ್ತು ಸೊರಗಿದ್ದ ಹೆಂಗಸು, ಇಲಿನಾಯ್ ಬಿಟ್ಟು ಹೊರಡಲು ಮನಸ್ಸೇ ಇರಲಿಲ್ಲ. ಜೊತೆಗಿದ್ದ ಒಂಬತ್ತು ಮಕ್ಕಳಲ್ಲಿ ಹದಿನೇಳರ ಅಬಿಗೇಲ್‌ಗೆ ಪ್ರಯಾಣದ ದಿನಚರಿ ಬರೆಯುವ ಕೆಲಸವನ್ನು ತಂದೆ ವಹಿಸಿದ್ದ. ತಾಯಿಯ ಸಾವನ್ನೂ ಅದೇ ಪುಸ್ತಕದಲ್ಲಿ ಅವಳೇ ಬರೆಯಬೇಕಾಯಿತು. ಆಗಸ್ಟ್ ಮುಗಿಯುವ ಮೊದಲು ಕಿರಿಯ ತಮ್ಮ ವಿಲ್ಲಿಯ ಸಾವನ್ನೂ ಬರೆದಳು.

ಆ ದಿನಚರಿ ಉಳಿಯದೇ ಹೋಗಿದ್ದರೆ? ಅಮೆರಿಕದ ಸಾವಿರಾರು ಮನೆಗಳ ವಂಶಾವಳಿ ಹುಡುಕುವವರು ಎದುರಿಸುವ ಕಷ್ಟ ಇದೇ. 1850ರ ಜನಗಣತಿಗೆ ಒಂದು ಮರಣಪಟ್ಟಿಯೂ ಅಂಟಿಕೊಂಡಿತ್ತು. ಆದರೆ ಅದರಲ್ಲಿರುವುದು 1849ರ ಜೂನ್‌ನಿಂದ ಒಂದು ವರ್ಷದೊಳಗೆ ಸತ್ತವರು ಮಾತ್ರ. 1852ರಲ್ಲಿ ಹಾದಿಯಲ್ಲಿ ಸತ್ತವರು ಆ ಪಟ್ಟಿಗೂ ಸೇರಲಿಲ್ಲ, ಮುಂದಿನ ಗಣತಿಗೂ ಸಿಗಲಿಲ್ಲ. ಬಿಟ್ಟು ಬಂದ ಊರಿಗೆ ಅವರು ಹೊರಟುಹೋದವರು, ಸೇರಬೇಕಿದ್ದ ಊರಿಗೆ ಬಾರದೇ ಉಳಿದವರು.

ಅವರನ್ನು ಕೊಂದ ಪಿಡುಗಿನ ಮೂಲ ನಮ್ಮ ಕಡೆಯದೇ. ಗಂಗೆ ಸಮುದ್ರ ಸೇರುವ ಬಂಗಾಳದ ತಗ್ಗುನೆಲದಿಂದ 1817ರಲ್ಲಿ ಮೊದಲ ಬಾರಿಗೆ ಜಗತ್ತಿಗೆ ಹಬ್ಬಿದ ಕಾಲರಾ, ಮೂರನೆಯ ಸುತ್ತಿನಲ್ಲಿ, 1848ರ ಡಿಸೆಂಬರ್‌ನಲ್ಲಿ, ಹಡಗಿನ ವಲಸಿಗರೊಂದಿಗೆ ನ್ಯೂಯಾರ್ಕ್ ಮತ್ತು ನ್ಯೂ ಆರ್ಲಿಯನ್ಸ್ ಬಂದರುಗಳಿಗೆ ಇಳಿಯಿತು. ಮಿಸಿಸಿಪಿ ನದಿಯ ಹಬೆ ದೋಣಿಗಳು ಅದನ್ನು ಸೇಂಟ್ ಲೂಯಿಗೆ ಹೊತ್ತವು. 1849ರ ಬೇಸಿಗೆಯಲ್ಲಿ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗತಾನೇ ಅಧಿಕಾರ ಬಿಟ್ಟಿದ್ದ ಮಾಜಿ ಅಧ್ಯಕ್ಷ ಜೇಮ್ಸ್ ಪೋಕ್ ಅದೇ ಜೂನ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಈ ರೋಗಕ್ಕೇ ಬಲಿಯಾದರು. ಮಿಸೌರಿ ನದಿಯ ದಡದ ಇಂಡಿಪೆಂಡೆನ್ಸ್, ಸೇಂಟ್ ಜೋಸೆಫ್ ಪಟ್ಟಣಗಳಲ್ಲಿ ಬಂಡಿ ಹೂಡಿ ಪಶ್ಚಿಮಕ್ಕೆ ಹೊರಡುತ್ತಿದ್ದವರ ನಡುವೆ ರೋಗವೂ ಹೊರಟಿತು.

ಮುಂದಿನ ಹಾದಿ ಪ್ಲ್ಯಾಟ್ ನದಿಯ ಗುಂಟ. ಕೆಸರು ತುಂಬಿದ, ಆಳವಿಲ್ಲದ, ಮಂದವಾಗಿ ಹರಿಯುವ ನದಿ. ಒಂದು ತಂಡ ಬಿಡಾರ ಎತ್ತಿದ ಜಾಗದಲ್ಲೇ ಮರುದಿನ ಮತ್ತೊಂದು ತಂಡ ಇಳಿಯುತ್ತಿತ್ತು. ಮಲ ಬಿದ್ದ ನೆಲದ ಪಕ್ಕದಲ್ಲೇ ನೀರಿಗಾಗಿ ಅಗೆದ ಗುಂಡಿ, ಆ ಗುಂಡಿಯ ನೀರೇ ಎಲ್ಲರಿಗೂ. ಬೆಳಿಗ್ಗೆ ಎತ್ತು ಕಟ್ಟಿದವನು ಸಂಜೆಗೆ ಮಣ್ಣಾಗುವುದು ಅಪರೂಪವಾಗಿರಲಿಲ್ಲ. ರೋಗ ಹರಡುವುದು ನೀರಿನಿಂದ ಎಂದು ಲಂಡನ್ನಿನ ಜಾನ್ ಸ್ನೋ 1849ರಲ್ಲೇ ಬರೆದಿದ್ದರು. ಆ ಮಾತನ್ನು ವೈದ್ಯರೇ ನಂಬಿರಲಿಲ್ಲ, ಬಂಡಿಯವರಿಗೆ ಎಲ್ಲಿಂದ ತಿಳಿಯಬೇಕು? 1852ರಲ್ಲಿ ಈ ಬಯಲು ದಾಟಿದವರು ಸುಮಾರು 70,000 ಎಂದು ಇತಿಹಾಸಕಾರ ಜಾನ್ ಅನ್ರೂ ಅಂದಾಜಿಸಿದ್ದಾರೆ. ಗೋರಿಯ ಗುರುತು ಉಳಿದದ್ದು ಕೆಲವರಿಗಷ್ಟೇ. ನೆಬ್ರಾಸ್ಕಾದ ಆ್ಯಶ್ ಹಾಲೋದಲ್ಲಿ 1849ರ ಜೂನ್ 19ರಂದು ಸತ್ತ ರೇಚಲ್ ಪ್ಯಾಟಿಸನ್ ಎಂಬ 18ರ ನವವಧುವಿನ ಕಲ್ಲು ಅಂಥ ಒಂದು. ಬಹಳಷ್ಟು ಗುಂಡಿಗಳ ಮೇಲೆ, ತೋಳಗಳು ಕೆದಕದಿರಲೆಂದು, ಬಂಡಿಗಳನ್ನೇ ಹಾಯಿಸಿ ನೆಲ ಸಮ ಮಾಡಿದರು.

ಇಂಥ ಪೂರ್ವಜರನ್ನು ಹುಡುಕುತ್ತಿದ್ದವರಿಗೆ 2020ರ ಮಾರ್ಚ್‌ನಲ್ಲಿ ಇನ್ನೊಂದು ಪಿಡುಗು ಬಾಗಿಲು ಹಾಕಿತು. ಸಾಲ್ಟ್ ಲೇಕ್ ಸಿಟಿಯ ಹೆಸರಾಂತ ವಂಶಾವಳಿ ಗ್ರಂಥಾಲಯ ಮುಚ್ಚಿತು, ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ಓದುಕೋಣೆಗಳೂ ಮುಚ್ಚಿದವು. ಆದರೆ ಗ್ರಂಥಾಲಯದೊಳಗೆ ಕೂತೇ ನೋಡಬೇಕಿದ್ದ ಆ್ಯನ್ಸೆಸ್ಟ್ರಿ ಸಂಸ್ಥೆಯ ವಂಶಾವಳಿ ದಾಖಲೆಗಳ ಆವೃತ್ತಿ ಕೆಲಕಾಲ ಸದಸ್ಯರ ಮನೆಗೇ ತೆರೆದುಕೊಂಡಿತು. 1998ರಲ್ಲಿ ತನ್ನ ಮೈಕ್ರೋಫಿಲ್ಮ್‌ಗಳ ಡಿಜಿಟಲೀಕರಣ ಶುರು ಮಾಡಿದ್ದ ವಂಶಾವಳಿ ಸಂಸ್ಥೆ ಫ್ಯಾಮಿಲಿಸರ್ಚ್, 24 ಲಕ್ಷ ಸುರುಳಿಗಳ ಕೆಲಸವನ್ನು 2021ರಲ್ಲಿ ಮುಗಿಸಿತು.

ಅಲ್ಲಿ ಹುಡುಕುವ ಬಗೆ ತಾಳ್ಮೆಯದು. ಮನೆಯಲ್ಲಿರುವ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು ಮತ್ತು ಹುಟ್ಟಿದ ರಾಜ್ಯ ಬರೆದ ಮೊದಲ ಜನಗಣತಿ 1850ರದು. ದೊಡ್ಡ ಮಗ ಒಹಾಯೋದಲ್ಲಿ, ಎರಡನೆಯವಳು ಇಂಡಿಯಾನಾದಲ್ಲಿ, ಕೂಸು ಅಯೋವಾದಲ್ಲಿ ಹುಟ್ಟಿದ್ದರೆ, ಆ ಮೂರು ಹೆಸರುಗಳೇ ಬಂಡಿಯ ಜಾಡು. 1860ರಲ್ಲಿ ಅದೇ ಮನೆಯನ್ನು ಮತ್ತೆ ಹುಡುಕಿದಾಗ ಇಲ್ಲದವರು ಯಾರು ಎಂದು ನೋಡಬೇಕು. ಕೂಡುವುದಕ್ಕಿಂತ ಕಳೆಯುವ ಲೆಕ್ಕವೇ ಇಲ್ಲಿ ಹೆಚ್ಚು. ಓರಿಗನ್‌ಗೆ ಬಂದವರದಾದರೆ 1850ರ ಭೂದಾನ ಕಾಯ್ದೆಯ ಕಡತಗಳಿವೆ. ದಂಪತಿಗೆ ಸಿಕ್ಕ ನೆಲದಲ್ಲಿ ಅರ್ಧ ಹೆಂಡತಿಯ ಹೆಸರಿನಲ್ಲೇ ಇರುತ್ತಿದ್ದರಿಂದ ಮದುವೆ ಯಾವಾಗ, ಎಲ್ಲಿ ಆಯಿತೆಂದು ಹೇಳಲೇಬೇಕಿತ್ತು. ಸ್ಕಾಟ್ ಕುಟುಂಬದ ತಂದೆ ಮರುವರ್ಷ ವಿಧವೆಯೊಬ್ಬರನ್ನು ಮದುವೆಯಾದರು. ಇಂಥ ಮನೆಗಳ ಎರಡು ಗಣತಿಗಳನ್ನಷ್ಟೇ ಅಕ್ಕಪಕ್ಕ ಇಟ್ಟವರಿಗೆ ಹೆಂಡತಿಯ ಹೆಸರು ಬದಲಾದದ್ದು ಕಾಣುತ್ತದೆ, ನಡುವೆ ಮಣ್ಣಾದವಳು ಕಾಣುವುದಿಲ್ಲ. ದಿನಚರಿ ಬರೆದ ಅಬಿಗೇಲ್ ಮುಂದೆ ಅಬಿಗೇಲ್ ಸ್ಕಾಟ್ ಡನಿವೇ ಎಂದು ಹೆಸರಾದಳು. 1912ರಲ್ಲಿ ಓರಿಗನ್ ಹೆಂಗಸರಿಗೆ ಮತದ ಹಕ್ಕು ಕೊಟ್ಟಾಗ ಅದರ ಘೋಷಣೆ ಬರೆದದ್ದು 78ರ ಆಕೆಯೇ.

ಭೂದಾನ ಕಾಯ್ದೆಯಡಿ ಹಂಚಿದ ನೆಲ ಖಾಲಿ ಇರಲಿಲ್ಲ. ಮೂಲನಿವಾಸಿಗಳೊಂದಿಗೆ ಒಪ್ಪಂದಗಳು ಊರ್ಜಿತವಾಗುವ ಮೊದಲೇ ಅದನ್ನು ಕೊಡಲಾಯಿತು. ಬಂಡಿಗಳ ಹಾದಿಯಲ್ಲಿದ್ದ ಪಾನಿ ಎಂಬ ಮೂಲನಿವಾಸಿ ಜನರಲ್ಲಿ 1849ರ ಒಂದೇ ವರ್ಷ ಸಾವಿರಕ್ಕೂ ಹೆಚ್ಚು ಜನ ಕಾಲರಾಗೆ ಸತ್ತರು. ಶಯೆನ್ ಜನರ ಬಿಡಾರಗಳೂ ಬರಿದಾದವು. ತೆರಿಗೆ ಕಟ್ಟದ ಮೂಲನಿವಾಸಿಗಳನ್ನು ಜನಗಣತಿ ಎಣಿಸುತ್ತಲೇ ಇರಲಿಲ್ಲ. ಆದರೆ ಲಕೋಟಾ ಜನ ವರ್ಷಕ್ಕೊಂದು ಚಿತ್ರದಂತೆ ತಮ್ಮ ಕಾಲದ ಲೆಕ್ಕ ಇಡುತ್ತಿದ್ದರು. ಆ ಎಣಿಕೆಗಳಲ್ಲೊಂದರಲ್ಲಿ 1849–50ರ ಚಳಿಗಾಲಕ್ಕೆ ಇರುವ ಚಿತ್ರ, ಹೊಟ್ಟೆ ಹಿಂಡುವ ನೋವಿಗೆ ಮುದುಡಿದ ಒಬ್ಬ ಮನುಷ್ಯನದು.