ಪೇಟ ಸುತ್ತಿದ ಸ್ಕೌಟ್

ನಮ್ಮ ದೇಶದ ಮೊದಲ ಸ್ಕೌಟ್ ದಳ ಶುರುವಾಗಿದ್ದು 1909ರಲ್ಲಿ, ನಮ್ಮ ಬೆಂಗಳೂರಲ್ಲೇ. ಆದರೆ ಭಾರತೀಯ ಹುಡುಗರಿಗೆ ಪ್ರವೇಶ ಇರಲಿಲ್ಲ. 1916ರಲ್ಲಿ ಆನಿ ಬೆಸೆಂಟ್ ಮದರಾಸಿನಲ್ಲಿ ಬೇರೆ ಸಂಘವನ್ನೇ ಕಟ್ಟಿದರು: ತಲೆಗೆ ಪೇಟ, ಬಾಯಲ್ಲಿ ನಮ್ಮ ಹಾಡು. ಸಂಘಗಳೆಲ್ಲ ಒಂದಾಗಿದ್ದು 1950ರಲ್ಲಿ.

ಇವತ್ತಿನ ಸಾಹಸ ಶಿಬಿರಗಳಿಗೆ ಯಾರು ಬೇಕಾದರೂ ಬರಬಹುದು ಅಂತೀವಿ. ಸರಿ, ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಎಲ್ಲಿ? ಎಷ್ಟೋ ಮಕ್ಕಳು ಅಪ್ಪ-ಅಮ್ಮನ ಜೊತೆ ಮುಂಬೈ, ಪುಣೆಗೆ ಗುಳೆ ಹೋಗಿರ್ತಾರೆ. ಶುಲ್ಕ ಮನ್ನಾ ಮಾಡಿದರೆ ಸಾಲದು ಅನ್ನೋದು ನನ್ನ ವಾದ. ಆಳಂದದ ಅಮರ್ಜಾ ಹೊಳೆ ಗಾಣಗಾಪುರದಲ್ಲಿ ಭೀಮೆಗೆ ಸೇರುತ್ತೆ. ಶಿಬಿರ ಆ ದಂಡೆಯಲ್ಲೇ ನಡೀಲಿ, ಗುಳೆ ಹೋದವರು ಊರಿಗೆ ಮರಳಿದಾಗ ನಡೀಲಿ. ಕುರಿ ಕಾಯುವವರು ದಾರಿ ಕಲಿಸಲಿ, ಸಂಬಳ ಪಡೆದೇ ಕಲಿಸಲಿ. ಪೇಟ ಸುತ್ತಿಕೊಂಡೂ ಸ್ಕೌಟ್ ಆಗಬಹುದು ಅಂತ 1916ರಲ್ಲೇ ಗೊತ್ತಾಗಿತ್ತಲ್ಲ!